ಕಾವ್ಯದ ತರಗತಿಗೆ ಬಂದ ಗಣಕ

ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ತರಗತಿಗಳಲ್ಲಿ ಕಾವ್ಯಪಾಠವೆಂದರೆ ಪದ್ಯದ ಸಾರಾಂಶವನ್ನು ಬರೆಯಿಸುವುದೆಂದೇ ಬಹುಮಟ್ಟಿಗೆ ರೂಢಿಯಾಗಿಬಿಟ್ಟಿರುವುದರಿಂದ, ಡಿಜಿಟಲ್ ಸಾಧನಗಳು ಬಂದು ರಸಿಕತೆಯನ್ನು ಕೆಡಿಸಿದುವೆಂದು ಹಲುಬುವ ಅಧ್ಯಾಪಕವರ್ಗವು ಮೊದಲು ತನ್ನ ಹಳೆಯ ನೋಟ್ಸನ್ನು ತಿರುವಿ ನೋಡುವುದು ಒಳಿತು. ಸಾರಾಂಶವನ್ನೇ ವಿದ್ಯೆಯೆಂದು ಹಂಚಿದ ಮೇಲೆ, ಅದನ್ನು ಕ್ಷಣಾರ್ಧದಲ್ಲಿ ಬರೆದುಕೊಡುವ ಯಂತ್ರವೊಂದು ವಿದ್ಯಾರ್ಥಿಯ ಮೊಬೈಲಿನಲ್ಲಿ ಬಂದು ಕುಳಿತರೆ ದೂರುವುದು ಯಾರನ್ನು?

ಆದರೆ ಈ ಸಾಧನಗಳಿಂದಲೇ ಆಗಬಹುದಾದ ಉಪಕಾರವೂ ಅಲ್ಪವಲ್ಲ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರವು ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ಮುಂದಿಟ್ಟುಕೊಂಡು, 'ಬಯಲು' ಎಂಬ ಶಬ್ದವು ಅಲ್ಲಮನಲ್ಲಿ ಎಲ್ಲೆಲ್ಲಿ, ಅಕ್ಕಮಹಾದೇವಿಯಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಅರಸಹೊರಟವನಿಗೆ ಹಿಂದೆ ತಿಂಗಳುಗಳೇ ಹಿಡಿಯುತ್ತಿದ್ದುವು. 'ವಚನ ಸಂಚಯ'ವೆಂಬ ಜಾಲತಾಣದ ನೆರವಿನಿಂದ ಇಂದು ಆ ಪ್ರಯೋಗಗಳನ್ನು ಒಂದು ಪಾಠದ ಅವಧಿಯೊಳಗೇ ಸಾಲಾಗಿ ಕಾಣಬಹುದು. ಹಾಗೆ ಕಂಡ ವಿದ್ಯಾರ್ಥಿಯು ಗೈಡಿನಲ್ಲಿರುವ ಒಂದು ಸಾಲಿನ ಅರ್ಥದಿಂದ ತೃಪ್ತನಾಗಲಾರನು.

ಛಂದಸ್ಸಿನ ವಿಷಯವು ಇದಕ್ಕಿಂತಲೂ ಸ್ವಾರಸ್ಯವುಳ್ಳದ್ದು. ಭಾಮಿನಿ ಷಟ್ಪದಿಯ 1, 2, 4, 5ನೆಯ ಪಾದಗಳಿಗೆ 14 ಮಾತ್ರೆ, 3 ಮತ್ತು 6ನೆಯವಕ್ಕೆ 23 ಮಾತ್ರೆ ಎಂಬ ಲೆಕ್ಕವನ್ನು ಗಣಕಯಂತ್ರಕ್ಕೆ ಕಲಿಸುವುದು ಸುಲಭ. ಹಳಗನ್ನಡದ ಕಂದಪದ್ಯಕ್ಕೆ ಬಂದೊಡನೆ ತೊಡಕು ಮೊದಲಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವು ಗುರುವೆಂಬ ಸಾಮಾನ್ಯ ನಿಯಮವನ್ನಷ್ಟೇ ಬಲ್ಲ ಯಂತ್ರವು 'ಅಮರ್ದು' ಎಂಬಲ್ಲಿ ನಾಲ್ಕು ಮಾತ್ರೆಗಳನ್ನು ಎಣಿಸಿ ಗಣವನ್ನು ಕೆಡಿಸುತ್ತದೆ. ಒತ್ತನ್ನು ತೇಲಿಸಿ ನುಡಿಯುವ ಶಿಥಿಲದ್ವಿತ್ವವನ್ನು ಅರಿತ ಓದುಗನಿಗಾದರೋ ಅಲ್ಲಿ ಕೇಳುವುದು ಮೂರೇ ಮಾತ್ರೆ. ಕೇಶಿರಾಜನು 13ನೆಯ ಶತಮಾನದಲ್ಲಿಯೇ 'ಶಬ್ದಮಣಿದರ್ಪಣ'ದಲ್ಲಿ ಚರ್ಚಿಸಿದ ಈ ಸೂಕ್ಷ್ಮವನ್ನೂ ಯಂತ್ರಕ್ಕೆ ಕಲಿಸಬಾರದೆ ಎಂದರೆ, ಅವಶ್ಯವಾಗಿ ಕಲಿಸಬಹುದು. ಆದರೆ ಎಲ್ಲಿ ತೇಲಿಸಬೇಕು, ಎಲ್ಲಿ ಒತ್ತಬೇಕೆಂಬುದು ಕಲಿಸುವವನಿಗೆ ಬಾಯ್ದೆರೆದು ಓದಿಯೇ ತಿಳಿದಿರಬೇಕಷ್ಟೆ. ಯಂತ್ರದ ಎಣಿಕೆ ತಪ್ಪಿದ ಆ ತಾಣವೇ, ನನ್ನ ದೃಷ್ಟಿಯಲ್ಲಿ, ಕಾವ್ಯದ ಅಧ್ಯಾಪಕನಿಗೆ ದೊರೆತ ಅತ್ಯುತ್ತಮ ಪಾಠ: ಪರದೆಯ ಮೇಲಿನ ಪ್ರಸ್ತಾರವನ್ನು ತೋರಿಸಿ, ಪದ್ಯವನ್ನು ಓದಿಸಿ, ಎರಡರಲ್ಲಿ ಯಾವುದು ಸರಿಯೆಂದು ವಿದ್ಯಾರ್ಥಿಗಳನ್ನೇ ವಾದಕ್ಕೆ ಹಚ್ಚಬಹುದು.

ಇದಕ್ಕೆ ಓದು ಬಲ್ಲ ಗುರು ಬೇಕು. ಅಂಥವರ ಸಂಖ್ಯೆ ಕುಗ್ಗುತ್ತಿರುವಾಗ ಗಮಕಿಗಳ ಧ್ವನಿಮುದ್ರಣವು ತಕ್ಕಮಟ್ಟಿಗೆ ಆ ಕೊರತೆಯನ್ನು ತುಂಬೀತು. ಸ್ಮಾರ್ಟ್‌ಬೋರ್ಡುಗಳಿಗೆ ಹಣವನ್ನು ಒದಗಿಸುವವರು ಇಂಥ ಮುದ್ರಣಗಳಿಗೂ, ಪದಚ್ಛೇದದೊಡನೆ ಸಿದ್ಧಪಡಿಸಿದ ಶುದ್ಧ ಪಾಠಗಳಿಗೂ ಒಂದಿಷ್ಟನ್ನು ತೆಗೆದಿಡಬಾರದೇಕೆ? ಅಧ್ಯಯನ ಮಂಡಳಿಗಳು ಮುಂದಿನ ಪಠ್ಯಕ್ರಮವನ್ನು ರೂಪಿಸುವಾಗ ಸಾರಾಂಶ ಬರೆಯುವ ಪ್ರಶ್ನೆಯನ್ನು ಕೈಬಿಟ್ಟು, ಅದರ ಅಂಕಗಳನ್ನು ಕಾವ್ಯವಾಚನದ ಮೌಖಿಕ ಪರೀಕ್ಷೆಗೆ ಮೀಸಲಿಡಲಿ.