ಬಳ್ಳಾರಿಯ ಜಿಂಕೆಗಳು ಎಲ್ಲಿ ಹೋದವು?

ಕಳೆದ ರಜೆಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ತನ್ನ ತಾತನನ್ನು ಕೇಳುತ್ತಿದ್ದ: "ತಾತಾ, ಬಳ್ಳಾರಿ ಝೂಗೆ ಕರ್ಕೊಂಡು ಹೋಗ್ತೀಯಾ?" ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಅಲ್ಲಿ ಏನೂ ಇಲ್ಲಪ್ಪಾ, ಎಲ್ಲಾ ಹಂಪಿ ಕಡೆ ಹೋದವು" ಎಂದರು. ಹುಡುಗ ಕನ್ನಡ ಶಾಲೆಯ ಐದನೆಯ ತರಗತಿಯವನು. ಅಪ್ಪ ಚಿಕ್ಕವನಿದ್ದಾಗ ಅಲ್ಲಿಗೆ ಹೋಗಿದ್ದನೆಂಬ ಕಥೆಯನ್ನು ಕೇಳಿಕೊಂಡೇ ಬೆಳೆದವನು. ಅವನ ಮುಖ ಬಾಡಿದ್ದನ್ನು ಕಂಡ ಮೇಲೆ ಈ ವಾರ ಬೇರೆ ವಿಷಯ ಬರೆಯಲು ಮನಸ್ಸಾಗಲಿಲ್ಲ.

ಹಾಲಹರವಿಯ ನಮಗೆ ಬಳ್ಳಾರಿ ಪರರಾಜ್ಯದ ಊರಲ್ಲ. 1953ರ ಅಕ್ಟೋಬರ್ 1ರವರೆಗೆ ಆಲೂರು, ಆದೋನಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ ಆಗಿದ್ದವು. ಗಡಿ ಬದಲಾದರೂ ಆಸ್ಪತ್ರೆಗೆ, ಮದುವೆಯ ಬಟ್ಟೆಗೆ, ಮಕ್ಕಳ ಪುಸ್ತಕಕ್ಕೆ ನಾವು ಹತ್ತುವುದು ಅದೇ ಬಸ್ಸನ್ನು. ಆ ಊರಿನ ಮಕ್ಕಳ ಉದ್ಯಾನ ಮತ್ತು ಕಿರು ಮೃಗಾಲಯ ನಮ್ಮ ಮಕ್ಕಳ ಮೃಗಾಲಯವೂ ಆಗಿತ್ತು. ಅದು ದೊಡ್ಡದೇನಲ್ಲ. ಬೇಲಿಯಾಚೆ ಜಿಂಕೆಗಳು, ಬಲೆಯೊಳಗೆ ಹಕ್ಕಿಗಳು, ಆಡಲು ಜಾರುಬಂಡೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಿತ್ತು. ಕೂಲಿಯವರ ಮನೆಯ ಮಗುವೂ ಒಮ್ಮೆಯಾದರೂ ನೋಡಬಹುದಾಗಿದ್ದ ಜಾಗ ಅದು.

2017ರಲ್ಲಿ ಹಂಪಿಯ ಸಮೀಪ, ಕಮಲಾಪುರದ ಬಳಿಯ ಬಿಳಿಕಲ್ ಅರಣ್ಯದಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ ಬಾಗಿಲು ತೆರೆಯಿತು. ಬಳ್ಳಾರಿಯ ಪ್ರಾಣಿಗಳನ್ನು ಅಲ್ಲಿಗೆ ಸಾಗಿಸಲಾಯಿತು. ನಗರದ ಕಿರು ಮೃಗಾಲಯದ ಕಥೆ ಮುಗಿಯಿತು.

ಇದರಲ್ಲಿ ತಪ್ಪು ಹುಡುಕುವುದು ಸುಲಭ, ಆದರೆ ನ್ಯಾಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ, ಮರುವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ಮಾನ್ಯತೆಯಿಲ್ಲದೆ ದೇಶದಲ್ಲಿ ಯಾವ ಮೃಗಾಲಯವೂ ನಡೆಯುವಂತಿಲ್ಲ. ಪ್ರಾಣಿಗೆ ಓಡಾಡಲು ಎಷ್ಟು ಜಾಗ, ಎಂತಹ ನೆರಳು, ವೈದ್ಯರು ಯಾರು ಎಂದು ಲೆಕ್ಕ ಕೇಳುವವರು ಬಂದಮೇಲೆ ನೂರಾರು ಕಿರು ಮೃಗಾಲಯಗಳ ನಿಜಸ್ಥಿತಿ ಬಯಲಾಯಿತು. ಪ್ರಾಧಿಕಾರವು ಪರಿಶೀಲಿಸಿದ 513 ಮೃಗಾಲಯಗಳಲ್ಲಿ 346ಕ್ಕೆ ಮಾನ್ಯತೆ ಸಿಗಲಿಲ್ಲ. ಇಕ್ಕಟ್ಟಿನ ಗೂಡಿನಲ್ಲಿ ದಿನವಿಡೀ ಅತ್ತಿಂದಿತ್ತ ತಿರುಗುವ ಪ್ರಾಣಿಯನ್ನು ನೋಡಿ ಮಗು ಕಲಿಯುವುದಾದರೂ ಏನು? ಬಿಸಿಲಿನ ಬಳ್ಳಾರಿಯ ನಡುವೆ ನಿಂತಿದ್ದ ಜಿಂಕೆಗೆ ಕಮಲಾಪುರದ ಕುರುಚಲು ಕಾಡು ಹಿತವೇ. ಜಿಂಕೆಯ ಪಾಲಿಗೆ ಆದದ್ದು ಒಳ್ಳೆಯದೇ ಎಂದು ಮೊದಲು ಒಪ್ಪಿಕೊಳ್ಳೋಣ.

ಆದರೆ ಮಗುವಿನ ಪಾಲಿಗೆ? ಬಳ್ಳಾರಿಯಿಂದ ಕಮಲಾಪುರಕ್ಕೆ ಮತ್ತೆ ಸುಮಾರು 60 ಕಿಲೋಮೀಟರ್. ಎರಡು ಬಸ್ಸು, ನಾಲ್ಕು ಜನರ ಟಿಕೆಟ್ಟು, ಪ್ರವೇಶದ ಹಣ, ಒಂದು ಇಡೀ ದಿನದ ಕೂಲಿ. ಸ್ವಂತ ವಾಹನವಿದ್ದವರು ಹಂಪಿಯ ಜೊತೆಗೆ ಅದನ್ನೂ ನೋಡಿಕೊಂಡು ಬರುತ್ತಾರೆ. ಇಲ್ಲದವರ ಮಕ್ಕಳು ಚಿತ್ರಪಟದಲ್ಲಿ ನೋಡಿ ತೃಪ್ತರಾಗುತ್ತಾರೆ. ಮೃಗಾಲಯ ದೊಡ್ಡದಾಯಿತು, ಚೆನ್ನಾಯಿತು, ದೂರವಾಯಿತು. ಮೊದಲೆರಡು ಮಾತುಗಳನ್ನು ಎಲ್ಲರೂ ಹೇಳಿದರು, ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಡಿಯಾಚೆ ಇರುವ ನಮಗೆ ಇನ್ನೊಂದು ನಷ್ಟವೂ ಉಂಟು. ನಮ್ಮ ಮಕ್ಕಳು ಕನ್ನಡವನ್ನು ಓದುವುದು ಹೆಚ್ಚಾಗಿ ಪಠ್ಯಪುಸ್ತಕದಲ್ಲಿ. ಊರಿನ ಫಲಕ, ಕಚೇರಿಯ ಅರ್ಜಿ, ಬಸ್ಸಿನ ಹೆಸರು ಎಲ್ಲವೂ ಬೇರೆ ಲಿಪಿಯವು. ಬಳ್ಳಾರಿಯ ಬೇಲಿಯ ಮುಂದೆ ನಿಂತ ಮಗು ಕನ್ನಡದಲ್ಲಿ ಬರೆದ ಹೆಸರನ್ನು ಅಕ್ಷರ ಕೂಡಿಸಿ ಓದಿ, ತಲೆಯೆತ್ತಿ ಆ ಪ್ರಾಣಿಯನ್ನೇ ನೋಡುತ್ತಿತ್ತು. ಪದವೂ ಪದಾರ್ಥವೂ ಒಂದೇ ಕ್ಷಣ ಕೂಡುವ ಅಂತಹ ಪಾಠವನ್ನು ಯಾವ ತರಗತಿಯ ಕೋಣೆಯೂ ಕೊಡಲಾರದು.

ಇಷ್ಟು ಬರೆದು ನಿಲ್ಲಿಸಿದರೆ ಇದು ಬರೀ ಹಳಹಳಿಕೆಯಾದೀತು. ವಿಚಿತ್ರವೆಂದರೆ, ಯಾವ ಪ್ರಾಣಿಯನ್ನು ನೋಡಲು ಜನ ಟಿಕೆಟ್ಟು ಕೊಳ್ಳುತ್ತಾರೋ ಅದು ನಮ್ಮ ಹೊಲಗಳಲ್ಲೇ ಮೇಯುತ್ತಿದೆ. ಆಲೂರು, ಹಾಲಹರವಿ, ಹೊಳಗುಂದಿ, ಆದೋನಿ ಸೀಮೆಯ ಎರೆಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಮೊಳಕೆಯೊಡೆದ ಕಡಲೆ, ಹತ್ತಿಯ ಎಳೆಯ ಸಾಲುಗಳನ್ನು ಅವು ಒಂದೇ ರಾತ್ರಿಯಲ್ಲಿ ಬೋಳಿಸಿದ್ದನ್ನು ಕಂಡ ರೈತನಿಗೆ ಅವು ಚೆಂದವೆಂದು ಉಪದೇಶಿಸುವುದು ಅವಮಾನ. ಇತ್ತ ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯಪ್ರಾಣಿ. ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ ಸೆರೆವಾಸ. ರೈತನ ನಷ್ಟಕ್ಕೆ ತಕ್ಕ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕೆಂದು ಕೇಳುವುದೂ, ಪ್ರಾಣಿಯನ್ನು ಮಕ್ಕಳಿಗೆ ಪರಿಚಯಿಸುವುದೂ ಒಂದಕ್ಕೊಂದು ವಿರೋಧವಲ್ಲ. ಪರಿಚಯವಿಲ್ಲದೆ ಬೆಳೆದ ಮಗು ನಾಳೆ ಅದನ್ನು ಶತ್ರುವೆಂದು ಮಾತ್ರ ಬಲ್ಲದು.

ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನವೂ ನಮ್ಮ ನೆರೆಯಲ್ಲೇ ಇದೆ. ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ ದೊರವಾಯನ ಹಕ್ಕಿ ಒಂದು ಕಾಲಕ್ಕೆ ಈ ಬಯಲಿನ ಒಡೆಯನಾಗಿತ್ತು. ತೆಲುಗಿನಲ್ಲಿ ಅದು ಬಟ್ಟಮೇಕ ಪಿಟ್ಟ. ಅದಕ್ಕಾಗಿಯೇ 1988ರಲ್ಲಿ ಆಗಿನ ಕರ್ನೂಲು ಜಿಲ್ಲೆಯ ರೊಳ್ಳಪಾಡಿನಲ್ಲಿ ಅಭಯಾರಣ್ಯ ಮಾಡಿದರು. ಸುತ್ತಲಿನ ಹುಲ್ಲುಬಯಲು ಹೊಲವಾಯಿತು, ಹಕ್ಕಿ ಕಾಣದಷ್ಟು ವಿರಳವಾಯಿತು. ಹಗರಿಯ ಆಚೆ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಾಗ ಅದೇ ದೊಡ್ಡ ಸುದ್ದಿಯಾಯಿತು. ಈಗ ರಾಜಸ್ಥಾನದ ಜೈಸಲ್ಮೇರ್ ಬಳಿಯ ಕೇಂದ್ರದಲ್ಲಿ, 2019ರಿಂದೀಚೆಗೆ, ಅದರ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ ಸಾಕುತ್ತಿದ್ದಾರೆ. ಹೊಲದಲ್ಲಿ ಉಳಿಸಿಕೊಳ್ಳಲಾರದ್ದನ್ನು ಕೊನೆಗೆ ಗೂಡಿನಲ್ಲಿ ಕಾಯಬೇಕಾಗುತ್ತದೆ.

ಆದ್ದರಿಂದ ಪೋಷಕರಲ್ಲಿ, ಅಧ್ಯಾಪಕರಲ್ಲಿ ಒಂದು ವಿನಂತಿ. ಮೃಗಾಲಯ ಹೋಯಿತೆಂದು ಕೊರಗುವ ಬದಲು ಪ್ರತಿ ಶಾಲೆಯಲ್ಲೂ ಒಂದು ದಪ್ಪ ಪುಸ್ತಕವಿರಲಿ. ಮಕ್ಕಳು ತಾವು ಕಂಡ ಪ್ರಾಣಿ ಪಕ್ಷಿಗಳನ್ನು ಕಂಡ ದಿನ, ಸ್ಥಳ ಸಹಿತ ಅದರಲ್ಲಿ ಬರೆಯಲಿ. ಹೆಸರು ಎರಡೂ ಭಾಷೆಗಳಲ್ಲಿರಲಿ: ನೀಲಕಂಠ, ಪಾಲಪಿಟ್ಟ, ನವಿಲು, ನೆಮಲಿ, ಉಡ, ಉಡುಮು, ತೋಳ, ತೋಡೇಲು. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು, ಕುರಿ ಕಾಯುವವರನ್ನು ಕೇಳಿ ಬರೆಯಲಿ. ಖರ್ಚು ಒಂದು ಪುಸ್ತಕ, ಒಂದು ಪೆನ್ನು. ಇನ್ನು ವರ್ಷಕ್ಕೊಮ್ಮೆ ಊರವರು ಕೂಡಿ ವಾಹನ ಮಾಡಿ ಶಾಲೆಯ ಮಕ್ಕಳೆಲ್ಲರನ್ನೂ ಕಮಲಾಪುರಕ್ಕೆ ಕರೆದೊಯ್ದರೆ, ದೂರವಾದದ್ದು ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ.

ಆ ಹುಡುಗನನ್ನು ತಾತ ಮರುದಿನ ನಸುಕಿನಲ್ಲೇ ಹೊಲಕ್ಕೆ ಕರೆದೊಯ್ದರಂತೆ. ಬದುವಿನ ಆಚೆ ಹಿಂಡು ನಿಂತಿತ್ತು. ನಡುವೆ ಸುರುಳಿ ಕೊಂಬಿನ ಕರಿಯ ಹೋರಿ. ಹುಡುಗ ಬಹಳ ಹೊತ್ತು ನೋಡಿ ಕೇಳಿದನಂತೆ: "ತಾತಾ, ಇದು ನಮ್ಮ ಕಡಲೆ ತಿನ್ನೋ ಜಿಂಕೇನಾ, ಝೂದಾಗ ಇರೋ ಜಿಂಕೇನಾ?"

"ಎರಡೂ ಒಂದೇ ಕಣಪ್ಪಾ" ಎಂದರಂತೆ ತಾತ. ಇಬ್ಬರೂ ಅಂದು ಅದನ್ನು ಓಡಿಸಿದರು. ಕಲ್ಲು ಹೊಡೆಯಲಿಲ್ಲ, ಚಪ್ಪಾಳೆ ತಟ್ಟಿದರು.