ನಾಯಿ ಸಾಕಿದರೆ ಸಾಲದು, ನಡೆಯಬೇಕು

ನಾಯಿ ಸಾಕಿದವರ ಹೃದಯ ಗಟ್ಟಿ ಎಂಬ ಮಾತು ಈಚೆಗೆ ವೈದ್ಯರ ಬಾಯಲ್ಲೂ ಕೇಳಿಬರುತ್ತಿದೆ. ಅದು ತೀರ ನಿರಾಧಾರವಾದ ಮಾತೇನಲ್ಲ. ಸ್ವೀಡನ್ನಿನಲ್ಲಿ 40ರಿಂದ 80 ವರ್ಷ ವಯಸ್ಸಿನ ಸುಮಾರು 34 ಲಕ್ಷ ಜನರ ದಾಖಲೆಗಳನ್ನು 12 ವರ್ಷಗಳ ಅವಧಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾಯಿ ಇರುವವರಲ್ಲಿ ಹೃದ್ರೋಗದಿಂದ ಸಾವಿಗೀಡಾಗುವವರ ಪ್ರಮಾಣ ಕಡಿಮೆ ಎಂದು ಕಂಡುಕೊಂಡಿತು. ಒಂಟಿಯಾಗಿ ಬಾಳುವವರಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಗುರಿಯನ್ನು ಮುಟ್ಟುವ ಸಾಧ್ಯತೆ ನಾಯಿ ಇರುವವರಲ್ಲಿ ಇತರರಿಗಿಂತ ನಾಲ್ಕು ಪಟ್ಟು ಹೆಚ್ಚು ಎಂದು 2019ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಹೇಳಿತು.

ಆದರೆ ಇದರಲ್ಲಿ ಒಂದು ತೊಡಕಿದೆ. ನಾಯಿ ಬಂದುದರಿಂದ ಮನುಷ್ಯ ಆರೋಗ್ಯವಂತನಾದನೋ, ಆರೋಗ್ಯವಂತನಾದ ಮನುಷ್ಯನೇ ನಾಯಿ ಸಾಕುವ ಮನಸ್ಸು ಮಾಡಿದನೋ ಎಂಬುದನ್ನು ಇಂಥ ಅಂಕಿಅಂಶಗಳು ಹೇಳಲಾರವು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಈ ಕುರಿತು ನೀಡಿದ ಹೇಳಿಕೆ ಆ ಕಾರಣಕ್ಕಾಗಿಯೇ ಜಾಣತನದ್ದು: ಪ್ರಯೋಜನ ಇರಬಹುದು, ಆದರೆ ಹೃದ್ರೋಗ ತಡೆಯುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಯಾರೂ ಪ್ರಾಣಿಯನ್ನು ಮನೆಗೆ ತರಬಾರದು ಎಂದು ಅದು ಎಚ್ಚರಿಸಿತು. ಸಕ್ಕರೆ ಕಾಯಿಲೆ ಪತ್ತೆಯಾದ ಮರುವಾರವೇ ನಾಯಿಮರಿಯ ಬೆಲೆ ವಿಚಾರಿಸುವ ನನ್ನ ಮಿತ್ರರು ಈ ಎಚ್ಚರಿಕೆಯನ್ನು ಗಮನಿಸುವುದು ಒಳಿತು.

ಬೆಂಗಳೂರಿನಲ್ಲಿ ನಾನು ವಾಸವಾಗಿರುವ ವಸತಿ ಸಮುಚ್ಚಯದಲ್ಲಿ ನಾಯಿಗಳಿಗೆ ಕೊರತೆಯಿಲ್ಲ. ಬೆಳಗಿನ ಆರು ಗಂಟೆಗೆ ಅವುಗಳ ಹಗ್ಗ ಹಿಡಿದು ನಡೆಯುವವರು ಮಾತ್ರ ಬಹುಮಟ್ಟಿಗೆ ಸಂಬಳದ ಹುಡುಗರು. ಯಜಮಾನರು ಅದೇ ಹೊತ್ತಿಗೆ ಕಾರಿನಲ್ಲಿ ಜಿಮ್‌ಗೆ ಹೊರಟಿರುತ್ತಾರೆ. ಸ್ವೀಡನ್ನಿನ ಅಧ್ಯಯನದ ಫಲ ಇಲ್ಲಿ ಯಾರಿಗೆ ಸಲ್ಲುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಿಯ ಇರುವಿಕೆಯಿಂದ ಮನಸ್ಸಿಗೆ ಸಿಗುವ ನೆಮ್ಮದಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೊಂಟದ ಸುತ್ತಳತೆ ನೆಮ್ಮದಿಯಿಂದ ಇಳಿಯುವುದಿಲ್ಲ.

ನನ್ನ ಹಿರಿಯರ ಊರು ಗದಗ ಸೀಮೆಯ ಸೊರಟೂರ. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ ಕಾಳಗದಿಂದ ಇತಿಹಾಸದಲ್ಲಿ ಹೆಸರು ಉಳಿದ ಊರು. ಅಲ್ಲಿ ನಾಯಿಗೂ ಮನುಷ್ಯನಿಗೂ ಇರುವ ಸಂಬಂಧದಲ್ಲಿ 'ಸಾಕುವುದು' ಎಂಬ ಮಾತೇ ಅಷ್ಟಾಗಿ ಹೊಂದುವುದಿಲ್ಲ. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಕುರುಬರು ರಾತ್ರಿ ಕುರಿ ತರುಬುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಬೆಳಗಾದರೆ ಹಿಂಡು ಮುಂದಕ್ಕೆ, ಕುರಿಗಾಹಿ ಅದರ ಹಿಂದೆ, ನಾಯಿ ಸುತ್ತಮುತ್ತ. ತೋಳದ ಭಯವಿರುವಲ್ಲಿ ನಾಯಿಯಿಲ್ಲದೆ ಯಾವ ಹಿಂಡೂ ರಾತ್ರಿ ಕಳೆಯದು. ದಿನವೆಲ್ಲ ನಡೆಯುವ ಆ ಕುರಿಗಾಹಿಗೆ ವ್ಯಾಯಾಮವೆಂಬ ಪದದ ಅಗತ್ಯವೇ ಬಿದ್ದಿಲ್ಲ. ಅವನ ಬಾಳಿನ ಕಷ್ಟವನ್ನು ಆದರ್ಶವೆಂದು ಬಣ್ಣಿಸುವ ಉದ್ದೇಶ ನನಗಿಲ್ಲ; ಮಳೆ, ಛಳಿ, ಸಾಲ ಎಲ್ಲವೂ ಅವನ ಪಾಲಿಗಿವೆ. ಆದರೆ ನಾಯಿಯ ಜೊತೆಯೆಂದರೆ ನಾಯಿಯ ಜೊತೆ ನಡೆಯುವುದೆಂಬ ಅರ್ಥ ಅಲ್ಲಿ ಇನ್ನೂ ಉಳಿದಿದೆ.

ಕನ್ನಡ ನಾಡಿಗೆ ನಾಯಿ ಹೊಸದಲ್ಲ. ಕ್ರಿ.ಶ. 949-50ರ ಆತಕೂರಿನ ಶಾಸನವು ಮಣಲೇರನೆಂಬ ವೀರ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ಹಂದಿಯೊಡನೆ ಕಾದಾಡಿ ಎರಡೂ ಸತ್ತಾಗ ಕಾಳಿಗಾಗಿ ನಿಲ್ಲಿಸಿದ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮದೇ ಮುಧೋಳ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆ ಸಂಶೋಧನಾ ಕೇಂದ್ರವಿದೆ. ಸೇನೆಯ ತರಬೇತಿಗೂ ಅದರ ಮರಿಗಳು ಹೋಗಿವೆ. ಇಷ್ಟಿದ್ದರೂ ನಗರದ ಮಧ್ಯಮವರ್ಗ ಹಣ ಸುರಿಯುವುದು ಸೈಬೀರಿಯದ ಹಸ್ಕಿಗೆ, ಮೂಗು ಚಪ್ಪಟೆಯಾಗಿ ಉಸಿರಿಗೆ ತಿಣುಕುವ ಪಗ್‌ಗೆ. ಹಿಮದ ನಾಯಿಯನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆಸಲಾಗದು. ಪಗ್ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತದೆ. ನಡೆಯಲಾರದ ನಾಯಿಯನ್ನು ತಂದು ಆರೋಗ್ಯವನ್ನು ಅರಸುವುದು ವಿಚಿತ್ರ. ಹಾಗೆಂದು ಮುಧೋಳವನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಕೂಡಿಹಾಕುವುದೂ ಅನ್ಯಾಯವೇ. ಅದು ಓಡಲೆಂದೇ ಹುಟ್ಟಿದ ಪ್ರಾಣಿ. ಬೀದಿಯಲ್ಲಿ ಹುಟ್ಟಿದ ಸಾಮಾನ್ಯ ನಾಡನಾಯಿ ನಮ್ಮ ಹವೆಗೂ ಇಕ್ಕಟ್ಟಿನ ಮನೆಗೂ ಹೊಂದಿಕೊಳ್ಳುತ್ತದೆ, ಅದಕ್ಕೆ ಬೆಲೆಯನ್ನೂ ತೆರಬೇಕಿಲ್ಲ.

ಆರೋಗ್ಯದ ಮಾತಾಡುವಾಗ ರೇಬೀಸನ್ನು ಮರೆಯುವಂತಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತವಾದ ಕಾಯಿಲೆ ಅದು. ಸಾಕಿದ ನಾಯಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮನೆಯ ನಾಯಿ ತಾನೇ ಎಂಬ ಉದಾಸೀನ ಇಲ್ಲಿ ಸಲ್ಲದು.

ಇನ್ನು ನಡೆಯಲು ಜಾಗವೆಲ್ಲಿ? ಕಾಲುದಾರಿಗಳ ಮೇಲೆ ಬೈಕುಗಳು ನಿಂತಿವೆ, ಅನೇಕ ಉದ್ಯಾನಗಳ ಬಾಗಿಲಲ್ಲಿ ನಾಯಿಗೆ ಪ್ರವೇಶವಿಲ್ಲ ಎಂಬ ಫಲಕವಿದೆ. ವಸತಿ ಸಂಘಗಳು ಸಾಕುನಾಯಿಯನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೂ ಲಿಫ್ಟಿನ ಜಗಳ ನಿಂತಿಲ್ಲ. ಈ ವಿಷಯದಲ್ಲಿ ನಾಯಿ ಒಡೆಯರ ತಪ್ಪೂ ಸಣ್ಣದಲ್ಲ. ಮಲವನ್ನು ಎತ್ತಿ ಹಾಕಲು ಒಂದು ಹಳೆಯ ಪತ್ರಿಕೆಯ ತುಂಡು ಸಾಕು, ಅಷ್ಟನ್ನೂ ಜೇಬಿನಲ್ಲಿಟ್ಟುಕೊಳ್ಳದವರು ಉದ್ಯಾನದ ಬಾಗಿಲು ತೆರೆಯಿರೆಂದು ಕೇಳುವುದಾದರೂ ಹೇಗೆ? ಮುಂಜಾನೆ ಆರರಿಂದ ಏಳರವರೆಗೆ ಪ್ರತಿ ಬಡಾವಣೆಯ ಒಂದು ಉದ್ಯಾನವನ್ನಾದರೂ, ಲಸಿಕೆಯ ಚೀಟಿ ತೋರಿಸಿ ಹಗ್ಗ ಹಿಡಿದು ಬರುವವರಿಗೆ ಬಿಟ್ಟುಕೊಡಲು ನಗರಾಡಳಿತಕ್ಕೆ ಹೆಚ್ಚಿನ ಖರ್ಚೇನೂ ಬಾರದು.