ದ್ವೀಪದ ಲೆಕ್ಕ ಕಂಬದಿಂದ ಶುರುವಾಗುವುದಿಲ್ಲ

ದೇವರ ಹಿಪ್ಪರಗಿಯಲ್ಲಿರುವ ಬಂಧುವೊಬ್ಬರ ಮನೆಗೆ ಕಳೆದ ಚಳಿಗಾಲದಲ್ಲಿ ಹೋಗಿದ್ದೆ. ಪಡಸಾಲೆಯ ಶೋಕೇಸಿನಲ್ಲಿ ಹಜ್ಜ್‌ನಿಂದ ತಂದ ಝಮ್‌ಝಮ್ ಬಾಟಲಿ, ಯಾವುದೋ ಸಭೆಯಲ್ಲಿ ಕೊಟ್ಟ ಸನ್ಮಾನದ ಫಲಕ, ಇವೆರಡರ ನಡುವೆ ಅಂಗೈಯಗಲದ ಒಂದು ಕಪ್ಪು ಕಲ್ಲು. ಎಂಟನೆಯ ತರಗತಿಯ ಮಗ ಶಾಲೆಯ ಪ್ರವಾಸದಲ್ಲಿ ಮಲ್ಪೆಯ ದ್ವೀಪಕ್ಕೆ ಹೋಗಿದ್ದಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಂದದ್ದು. "ವಾಸ್ಕೋ ಡ ಗಾಮಾ ಇಳಿದ ದ್ವೀಪದ ಕಲ್ಲು" ಎಂದು ತಂದೆ ಹೆಮ್ಮೆಯಿಂದ ಪರಿಚಯಿಸಿದರು. ಹುಡುಗ ಮಾತ್ರ ಬೇರೆಯೇ ಪ್ರಶ್ನೆ ಕೇಳಿದ: "ಚಾಚಾ, ಇದು ನಮ್ಮ ಬಾವ್ಯಾಗಿನ ಕಲ್ಲಿನಂಗೇ ಐತಲ್ಲ?"

ಪಠ್ಯಪುಸ್ತಕವಾಗಲಿ, ಪ್ರವಾಸಕ್ಕೆ ಕರೆದೊಯ್ದವರಾಗಲಿ ಅವನಿಗೆ ಉತ್ತರ ಹೇಳಿರಲಿಲ್ಲ. ಆದರೆ ಆ ದ್ವೀಪದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ದೊಡ್ಡವರ ಬಾಯಿಂದ ನಾನು ಕೇಳಿದ್ದು ಕಡಿಮೆ.

ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರ, ಕರಾವಳಿಗೆ ಸಮಾನಾಂತರವಾಗಿ, ಅರಬಿ ಸಮುದ್ರದಲ್ಲಿ ಸಾಲಾಗಿ ತಲೆಯೆತ್ತಿರುವ ದ್ವೀಪಗಳನ್ನೇ ಸೈಂಟ್ ಮೇರೀಸ್ ದ್ವೀಪಗಳೆಂದು ಕರೆಯಲಾಗುತ್ತದೆ. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾ ಬಹಾದೂರ್‌ಗಡ. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ. ಅಂದರೆ ಹೆಚ್ಚೆಂದರೆ 12 ಎಕರೆ. ನಮ್ಮ ಸೀಮೆಯಲ್ಲಿ ಒಬ್ಬ ಸಾಧಾರಣ ರೈತನ ಹೊಲ. ಜನವಸತಿಯಿಲ್ಲ. ತೆಂಗಿನ ಮರಗಳಿವೆ, ದಂಡೆಯ ತುಂಬ ಚಿಪ್ಪುಗಳಿವೆ. ಮಳೆಗಾಲ ಬಂದರೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ.

ಇಷ್ಟು ಸಣ್ಣ ನೆಲವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದೇಕೆ? ಕರ್ನಾಟಕದಲ್ಲಿ ಈ ಗೌರವ ಪಡೆದ ತಾಣಗಳು ನಾಲ್ಕೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿ, ಕೋಲಾರದ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿ. ನಾಲ್ಕನೆಯದು ಈ ದ್ವೀಪ. ಕಾರಣ ಅಲ್ಲಿನ ಕಲ್ಲು. ದ್ವೀಪದ ಅಂಚಿನಲ್ಲಿ ಯಾರೋ ಉಳಿಯಿಂದ ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಇನ್ನು ಕೆಲವಕ್ಕೆ ಏಳು. ಮನುಷ್ಯನ ಕೈ ಅವುಗಳನ್ನು ಮುಟ್ಟಿಲ್ಲ.

ಅವು ಹೇಗಾದವೆಂದು ತಿಳಿಯಲು ದೇವರ ಹಿಪ್ಪರಗಿಯ ಮಕ್ಕಳು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಎರೆಹೊಲಕ್ಕೆ ಹೋದರೆ ಸಾಕು. ನೀರು ಆರಿದಾಗ ಎರೆಮಣ್ಣು ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ; ಬಿರುಕುಗಳು ಒಂದಕ್ಕೊಂದು ಕೂಡಿ ನೆಲವನ್ನು ಐದಾರು ಮೂಲೆಗಳ ಹೆಂಟೆಗಳಾಗಿ ಒಡೆಯುತ್ತವೆ. ಭೂಮಿಯ ಒಡಲಿನಿಂದ ಉಕ್ಕಿದ ಲಾವಾರಸ ತಣಿಯುವಾಗಲೂ ಹೀಗೆಯೇ ಕುಗ್ಗುತ್ತದೆ. ಮೇಲ್ಮೈಯಲ್ಲಿ ಹುಟ್ಟಿದ ಬಿರುಕು, ಒಳಗಿನ ಕಾವು ಆರುತ್ತ ಹೋದಂತೆ, ನೇರವಾಗಿ ಕೆಳಗಿಳಿಯುತ್ತದೆ. ಹೊಲದಲ್ಲಿ ಹೆಂಟೆಯಾದದ್ದು ಅಲ್ಲಿ ಕಂಬವಾಗಿದೆ. ಮಣ್ಣಿನ ಬಿರುಕು ಮೊದಲ ಮಳೆಗೆ ಮುಚ್ಚಿಕೊಳ್ಳುತ್ತದೆ. ಕಲ್ಲಿನದು ಸುಮಾರು 8.5ರಿಂದ 9 ಕೋಟಿ ವರ್ಷಗಳಿಂದ ಹಾಗೆಯೇ ನಿಂತಿದೆ.

ಅಂದು ಮಡಗಾಸ್ಕರ್ ಎಂಬ ಭೂಭಾಗ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಹರಿದು ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಇದು ಎಂಬುದು ವಿಜ್ಞಾನಿಗಳ ನಿರ್ಣಯ. ಅದೇ ಕಾಲದ ಲಾವಾ ಶಿಲೆಗಳು ಸಮುದ್ರದಾಚೆ ಮಡಗಾಸ್ಕರ್‌ನಲ್ಲಿಯೂ ಇವೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಇಬ್ಬರ ಮನೆಯಲ್ಲಿಯೂ ಉಳಿದ ಹಳೆಯ ಕಾಗದದಂತೆ ಈ ಕಲ್ಲುಗಳು ಸಾಕ್ಷಿ ನುಡಿಯುತ್ತಿವೆ.

ಇನ್ನು ಹುಡುಗನ ಪ್ರಶ್ನೆ. ವಿಜಯಪುರ ಜಿಲ್ಲೆಯ ಬಹುಭಾಗದ ತಳದಲ್ಲಿರುವ ಕರಿಕಲ್ಲು ಕೂಡ ಲಾವಾ ತಣಿದು ಆದದ್ದೇ. ನಮ್ಮ ಎರೆಮಣ್ಣು ಆ ಕಲ್ಲು ಸವೆದು ಹುಟ್ಟಿದ್ದು. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟವನ್ನು ಕಟ್ಟಿದ್ದು ಈ ಜಾತಿಯ ಕಲ್ಲಿನಿಂದಲೇ. ಆದರೆ ಅದು ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಬೇರೊಂದು ಸ್ಫೋಟದಲ್ಲಿ. ದ್ವೀಪದ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷ ಹಿರಿಯದು. ಅದರಲ್ಲಿ ಮರಳಿನ ಅಂಶವಾದ ಸಿಲಿಕಾ ಕೂಡ ಹೆಚ್ಚು. ಹುಡುಗ ಅಣ್ಣನನ್ನು ನೋಡಿ ತಮ್ಮನಲ್ಲವೇ ಎಂದು ಕೇಳಿದ್ದಾನೆ. ತಪ್ಪು ಅತ್ಯಲ್ಪ! ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯ ಬಗ್ಗೆ ಗಂಟೆಗಟ್ಟಲೆ ಅಭಿಮಾನದಿಂದ ಮಾತಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಅದರ ಕಲ್ಲಿನ ಹೆಸರು ಗೊತ್ತಿದೆ?

ಅದಿರಲಿ. ತಂದೆ ಹೇಳಿದ ಮಾತಿಗೆ ಬರೋಣ: ವಾಸ್ಕೋ ಡ ಗಾಮಾನ ದ್ವೀಪ. ಯಾವ ಪ್ರವಾಸಿ ಕರಪತ್ರ ತೆರೆದರೂ ಇದೇ ವಾಕ್ಯ. ಅವನು ಮೊದಲು ಇಲ್ಲಿಗೆ ಬಂದು, ಅನಂತರ ಕೋಝಿಕ್ಕೋಡ್‌ಗೆ ಹೋದನೆಂದು ಕೂಡ ಬರೆಯಲಾಗುತ್ತದೆ. ವಾಸ್ತವ ತಿರುಗುಮುರುಗು. 1498ರ ಮೇ ತಿಂಗಳಲ್ಲಿ ಅವನು ಕೋಝಿಕ್ಕೋಡ್ ತಲುಪಿದ. ಅಲ್ಲಿನ ಸಾಮೂದಿರಿ ದೊರೆಯೊಡನೆ ವ್ಯವಹಾರ ಕೆಟ್ಟಿತು. ಮರಳುವ ದಾರಿಯಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ದಡದಿಂದ ಸ್ವಲ್ಪ ದೂರದ ಸಣ್ಣ ದ್ವೀಪಗಳ ಬಳಿ ನಿಂತು ಒಂದು ಶಿಲಾಸ್ತಂಭ ನೆಟ್ಟ. ಪೋರ್ಚುಗಲ್‌ನ ದೊರೆ ಮ್ಯಾನುವೆಲ್ ಇಂಥ ಮೂರು ಕಂಬಗಳನ್ನು ಹೆಸರಿಟ್ಟೇ ಕಳುಹಿಸಿದ್ದ. ಉಳಿದಿದ್ದ ಕೊನೆಯ ಕಂಬ ಸಾಂತಾ ಮರಿಯಾ. ಅದರ ಹೆಸರೇ ದ್ವೀಪಕ್ಕೆ ಅಂಟಿಕೊಂಡಿತು. ಕಂಬ ಇಂದು ಅಲ್ಲಿಲ್ಲ. ಹೆಸರು ಮಾತ್ರ ಉಳಿದಿದೆ, ಜೊತೆಗೆ ಆ ಸಮುದ್ರದ ಚರಿತ್ರೆಯೇ 1498ರಿಂದ ಶುರುವಾಯಿತೆಂಬ ಭ್ರಮೆಯೂ ಉಳಿದಿದೆ.

ಈ ಭ್ರಮೆಯೇ ನಮ್ಮ ತಕರಾರು. ಅವನನ್ನು ಆಫ್ರಿಕಾದ ಮಲಿಂದಿಯಿಂದ ಮಲಬಾರಿಗೆ ಕರೆತಂದದ್ದು ಈ ಸಮುದ್ರವನ್ನು ಬಲ್ಲ ಒಬ್ಬ ಮಾರ್ಗದರ್ಶಿ. ಗೊತ್ತಿದ್ದ ದಾರಿಯಲ್ಲಿ ಬಂದವನನ್ನು ದಾರಿ ಕಂಡುಹಿಡಿದವನೆನ್ನುವುದು ಯಾವ ನ್ಯಾಯ? ಅವನಿಗಿಂತ ಒಂದೂವರೆ ಶತಮಾನದ ಹಿಂದೆ, 1342ರ ಸುಮಾರಿಗೆ, ಇಬ್ನ್ ಬತೂತ ಇದೇ ಕರಾವಳಿಯಲ್ಲಿ ಹಡಗಿನಲ್ಲಿ ಸಾಗಿದ್ದ. ಮಲ್ಪೆಗೆ ಉತ್ತರದಲ್ಲಿರುವ ಬಾರಕೂರನ್ನು ಫಾಕನೂರ್ ಎಂದು ಅವನು ಬರೆದಿದ್ದಾನೆ. ಅಲ್ಲಿನ ಹಿಂದೂ ಅರಸನ ಯುದ್ಧನೌಕೆಗಳ ನಾಯಕ ಒಬ್ಬ ಮುಸ್ಲಿಮನಾಗಿದ್ದನೆಂದೂ, ಊರಿನಲ್ಲಿ ಮುಸ್ಲಿಮರ ಸಮುದಾಯವಿತ್ತೆಂದೂ ತಿಳಿಸುತ್ತಾನೆ. ಮುಂದೆ ಮಂಗಳೂರಿಗೆ ಹೋಗಿದ್ದಾನೆ. ಬಾರಕೂರಿನಿಂದ ಮಂಗಳೂರಿಗೆ ದಡ ಹಿಡಿದು ಸಾಗುವ ಹಡಗು ಈ ದ್ವೀಪಗಳ ಬಳಿಯಿಂದಲೇ ಹಾದುಹೋಗಿರಬೇಕು. ಅವನು ಕಂಬ ನೆಡಲಿಲ್ಲ. ಅವನಿಗೆ ಮುಂಚೆ ಹೋದ ಅರಬರೂ ಗುಜರಾತಿಗಳೂ ನೆಡಲಿಲ್ಲ. ವ್ಯಾಪಾರಕ್ಕೆ ಬಂದವರಿಗೆ ಸಮುದ್ರದ ಮೇಲೆ ಹಕ್ಕುಪತ್ರ ಬೇಕಿರಲಿಲ್ಲ.

ಕಂಬದ ಅರ್ಥವೇನೆಂಬುದು ಬೇಗನೆ ತಿಳಿಯಿತು. 1502ರಲ್ಲಿ ಎರಡನೆಯ ಸಲ ಬಂದ ವಾಸ್ಕೋ ಡ ಗಾಮಾ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಮಲಬಾರಿನ ಸಮುದ್ರದಲ್ಲಿ ತಡೆದ; ಹಣ ಕೊಡುತ್ತೇವೆಂದರೂ ಕೇಳದೆ ಹೆಂಗಸರು, ಮಕ್ಕಳು ಸಹಿತ ನೂರಾರು ಮಂದಿಯನ್ನು ಹಡಗಿನೊಂದಿಗೆ ಸುಟ್ಟ. ಇದನ್ನು ದಾಖಲಿಸಿದವರಲ್ಲಿ ಪೋರ್ಚುಗೀಸರೇ ಇದ್ದಾರೆ. ನಮ್ಮ ಬಿಜಾಪುರವೂ ಈ ಕತೆಯ ಹೊರಗಿಲ್ಲ. ಆದಿಲ್‌ಶಾಹಿ ಆಡಳಿತದಲ್ಲಿದ್ದ ಗೋವಾವನ್ನು ಅವರು 1510ರಲ್ಲಿ ಕಸಿದುಕೊಂಡರು. ಆ ಶತಮಾನದ ಕೊನೆಯ ಭಾಗದಲ್ಲಿ ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್ ಪೋರ್ಚುಗೀಸರ ಹಾವಳಿಯನ್ನು 'ತುಹ್ಫತುಲ್ ಮುಜಾಹಿದೀನ್' ಎಂಬ ಅರಬಿ ಗ್ರಂಥದಲ್ಲಿ ಬರೆದಿಟ್ಟರು. ಅದನ್ನು ಅವರು ಅರ್ಪಿಸಿದ್ದು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹನಿಗೆ. ಕೇರಳದ ಕಡಲ ತೀರದ ವಿದ್ವಾಂಸರೊಬ್ಬರು ತಮ್ಮ ಜನರ ಸಂಕಟವನ್ನು ಹೇಳಿಕೊಳ್ಳಲು ನಮ್ಮ ಜೋಳದ ನಾಡಿನ ಕಡೆ ಮುಖ ಮಾಡಿದ್ದರೆಂಬುದನ್ನು ವಿಜಯಪುರ ಜಿಲ್ಲೆಯ ಯಾವ ಶಾಲೆಯ ಮಗು ಬಲ್ಲದು?

ಹಾಗೆಂದು ದ್ವೀಪದ ಹೆಸರು ಬದಲಿಸಬೇಕೆಂಬುದು ನಮ್ಮ ವಾದವಲ್ಲ. ಹೆಸರು ಬದಲಿಸುವ ಜ್ವರ ಈ ದೇಶದಲ್ಲಿ ಈಗಾಗಲೇ ಸಾಕಷ್ಟು ಏರಿದೆ. 2014ರಲ್ಲಿ ನಮ್ಮ ಜಿಲ್ಲೆಯ ಹೆಸರೇ ಬದಲಾಯಿತು. ಅದರಿಂದ ಬಾವಿಗೆ ಒಂದು ಕೊಡ ನೀರು ಹೆಚ್ಚಾಗಲಿಲ್ಲ. ಇಷ್ಟಕ್ಕೂ ಹಝ್ರತ್ ಮರ್ಯಮ್‌ರ ಹೆಸರಿನ ಬಗ್ಗೆ ಮುಸ್ಲಿಮನಿಗೆ ಎಂಥ ತಕರಾರು? ಅದೇ ಸಾಲಿನ ಮತ್ತೊಂದು ದ್ವೀಪವನ್ನು ನೋಡಿ. ಬಿದನೂರಿನ ಬಸವಪ್ಪ ನಾಯಕ ಅಲ್ಲಿ ಕೋಟೆ ಕಟ್ಟಿಸಿದ. ಅದರ ಹೆಸರು ದರಿಯಾ ಬಹಾದೂರ್‌ಗಡ. ದರಿಯಾ, ಬಹಾದೂರ್ ಎರಡೂ ಫಾರಸಿಯಿಂದ ಬಂದವು. ಕಟ್ಟಿಸಿದ್ದು ಲಿಂಗಾಯತ ಅರಸುಮನೆತನ. ಕನ್ನಡ ಕಡಲಿನ ನಾಲ್ಕು ಚೂರು ನೆಲದಲ್ಲಿ ತುಳುನಾಡಿನವರ ತೋನ್ಸೆಯೂ ಇದೆ, ಪೋರ್ಚುಗೀಸರ ಮರಿಯಾಳೂ ಇದ್ದಾಳೆ, ಫಾರಸಿಯ ದರಿಯಾವೂ ಇದೆ. ಎಲ್ಲವೂ ಇರಲಿ. ಮಕ್ಕಳಿಗೆ ಒಂದನ್ನೇ ಹೇಳಿ ಉಳಿದವನ್ನು ನುಂಗುವುದು ಮಾತ್ರ ಬೇಡ.

ಈಗ ಶೋಕೇಸಿನ ಕಲ್ಲಿಗೆ ಮರಳೋಣ. ಇದು ಸಂರಕ್ಷಿತ ಸ್ಥಳವೆನ್ನುತ್ತೇವೆ. ಸಂರಕ್ಷಣೆ ಎಷ್ಟು? ಮನುಷ್ಯ ಕಟ್ಟಿದ ಸ್ಮಾರಕಗಳಿಗೆ 1958ರ ಕೇಂದ್ರ ಕಾನೂನಿದೆ. ಗೋಳಗುಮ್ಮಟದ ಕಲ್ಲನ್ನು ಕಿತ್ತರೆ ಪ್ರಕರಣ ದಾಖಲಾಗುತ್ತದೆ. ಭೂಮಿ ತಾನೇ ಕಟ್ಟಿಕೊಂಡ ಸ್ಮಾರಕಗಳಿಗಾಗಿ ಒಂದು ಪ್ರತ್ಯೇಕ ಮಸೂದೆಯ ಕರಡನ್ನು ಕೇಂದ್ರ ಸರಕಾರ ಜನರ ಮುಂದಿಟ್ಟದ್ದೇ 2022ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷಗಳ ಕಾಲ ಅವುಗಳನ್ನು ಕಾಯಲು ಇದ್ದದ್ದು ಮುಖ್ಯವಾಗಿ ಒಂದು ಘೋಷಣೆ, ಒಂದು ಫಲಕ. ಫಲಕ ಕಲ್ಲು ಕಾಯುವುದಿಲ್ಲ. ಉತ್ತರ ಐರ್ಲೆಂಡ್‌ನಲ್ಲಿ ಇಂಥವೇ ಸುಮಾರು 40,000 ಕಂಬಗಳ ತೀರವೊಂದಿದೆ, ಜೈಂಟ್ಸ್ ಕಾಸ್‌ವೇ ಎಂದು ಅದರ ಹೆಸರು. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯೂ ಪ್ರವಾಸಿಗರು ಅದೃಷ್ಟಕ್ಕೆಂದು ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸಿದರು. ನಾಣ್ಯ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಒಡೆಯತೊಡಗಿತು. 2025ರಲ್ಲಿ ಅದನ್ನು ನೋಡಿಕೊಳ್ಳುವ ಸಂಸ್ಥೆ ದಯವಿಟ್ಟು ನಿಲ್ಲಿಸಿ ಎಂದು ಬೇಡಿಕೊಳ್ಳಬೇಕಾಯಿತು. ಮೌಢ್ಯಕ್ಕೆ ಪೂರ್ವ, ಪಶ್ಚಿಮವೆಂಬ ಭೇದವಿಲ್ಲ.

ನಮ್ಮಲ್ಲಿ ಕಲ್ಲಿನ ಜೊತೆಗೆ ಜೀವವೂ ಹೋಗುತ್ತಿದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದ ಬಳಿ ನೀರುಪಾಲಾದರು. ಕಂಬಗಳ ತುದಿ ಪಾಚಿಗಟ್ಟಿ ಜಾರುತ್ತದೆ; ಅಲೆ ಹಿಂದೆ ಸರಿದಾಗ ಶಾಂತವಾಗಿ ಕಾಣುವ ಕಲ್ಲು ಮರುಕ್ಷಣ ನೀರಿನೊಳಗಿರುತ್ತದೆ. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ದೂರದಿಂದ, ಬದುಕಿನಲ್ಲಿ ಮೊದಲ ಬಾರಿ ಸಮುದ್ರ ಕಾಣುವ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಇದು ಗೊತ್ತಿರಬೇಡವೇ? ಪ್ರವಾಸದ ಶುಲ್ಕ ಕಟ್ಟುವಾಗ ಊಟ ಯಾವುದು, ಬಸ್ಸು ಯಾವುದು ಎಂದು ವಿಚಾರಿಸುವ ಹೆತ್ತವರು, ಅಲ್ಲಿ ಏನನ್ನು ತೋರಿಸುತ್ತೀರಿ, ಮಕ್ಕಳಿಗೆ ಮೊದಲೇ ಏನು ಹೇಳಿದ್ದೀರಿ ಎಂದೂ ಕೇಳಬೇಕು. ಹೊರಡುವ ಮುನ್ನ ಅರ್ಧ ಗಂಟೆ ಎರೆಹೊಲದ ಬಿರುಕಿನ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದರೆ ಯಾವ ಹುಡುಗನೂ ಕಲ್ಲನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಕನಿಷ್ಠ ಈ ಹುಡುಗನಂತೂ ಹಾಕಿಕೊಳ್ಳುತ್ತಿರಲಿಲ್ಲ.

ಏಕೆಂದರೆ ಅಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ಮಡಗಾಸ್ಕರ್‌ನ ಕತೆಯನ್ನು ಅವನಿಗೆ ಹೇಳಿದೆ. ನಕಾಶೆ ತಂದು ಎರಡೂ ತೀರಗಳ ಮೇಲೆ ಬೆರಳಿಟ್ಟು ನೋಡಿದ. ಮುಂದಿನ ವರ್ಷ ಶಾಲೆಯವರು ಮತ್ತೆ ಆ ಕಡೆ ಹೋದರೆ ಅವರ ಕೈಯಲ್ಲಿ ಕಲ್ಲನ್ನು ವಾಪಸು ಕಳಿಸುವುದಾಗಿ ಹೇಳಿದ. ತಂದೆ ಇನ್ನೂ ಒಪ್ಪಿಲ್ಲ. ಕಲ್ಲು ಸದ್ಯಕ್ಕೆ ಝಮ್‌ಝಮ್ ಬಾಟಲಿಯ ಪಕ್ಕದಲ್ಲಿಯೇ ಇದೆ.